ಹಲ್ಲಿನಿಂದ ಕೊಡದ ಕಡೆಗೆ: ಒಂದು ಸಾಕ್ಷ್ಯಚಿತ್ರ ರಿಪೇರಿ ಮಾಡಿದ ದಿನಚರಿ

ನೀರಿನಲ್ಲಿರುವ ಫ್ಲೋರೈಡ್ ಬಗ್ಗೆ ನಾನು ಮಾಡಿದ ಸಾಕ್ಷ್ಯಚಿತ್ರದ ಮೊದಲ ಕಟ್, ಅಂದರೆ ಮೊದಲ ಸಲ ಜೋಡಿಸಿದ ರೂಪ, 38 ನಿಮಿಷ ಇತ್ತು. ಅದನ್ನು ಎಲ್ಲರಿಗಿಂತ ಮೊದಲು ನೋಡಿದ್ದು ನನ್ನ ಅತ್ತೆ. ಅವರಿರುವುದು ಪಾವಗಡ ತಾಲ್ಲೂಕಿನಲ್ಲಿರುವ ನನ್ನ ಅಮ್ಮನ ತವರುಮನೆಯಲ್ಲಿ. ನಡುಮನೆಯಲ್ಲಿ ಕಡ್ಲೆಕಾಯಿ ಮೂಟೆ ಮೇಲೆ ಲ್ಯಾಪ್‌ಟಾಪ್ ಇಟ್ಟು ತೋರಿಸಿದೆ. ಆರನೇ ನಿಮಿಷಕ್ಕೆ ಅತ್ತೆಯ ಮುಖ ಬಂತು. ಆಮೇಲೆ ಬರೀ ಬಾಯಿ. ಪರದೆ ತುಂಬ ಕಂದು ಪಟ್ಟೆ ಬಿದ್ದ ಹಲ್ಲು, ಹಿನ್ನೆಲೆಯಲ್ಲಿ ಕೊಳಲು. ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಎದ್ದು ಅಡುಗೆಮನೆಗೆ ಹೋದರು. ಅಲ್ಲಿಂದಲೇ ಕೇಳಿದರು: "ನನ್ನ ಹಲ್ಲು ತೋರಿಸೋಕೇನಮ್ಮ ಇಷ್ಟು ದಿನ ಓಡಾಡಿದ್ದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ರಾತ್ರಿಯೇ ಆ ಕಟ್ ಬಿಚ್ಚಿ ಹಾಕಲು ಶುರು ಮಾಡಿದೆ. ಮುಂದೆ ಬರೆದಿರುವುದೆಲ್ಲ ಆ ರಿಪೇರಿಯ ವಿವರ. ತಮ್ಮ ಊರಿನ ಕಷ್ಟದ ಬಗ್ಗೆ ಫೋನ್ ಹಿಡಿದುಕೊಂಡು ಸಿನಿಮಾ ಮಾಡಲು ಹೊರಟವರಿಗೆ ಇದು ಬೇಕಾಗಬಹುದು.

ವಿಷಯ ಫ್ಲೋರೈಡ್. ನಮ್ಮ ಕಡೆ ನೆಲದಡಿ ಇರುವುದು ಗ್ರಾನೈಟ್ ಬಂಡೆ. ಆ ಬಂಡೆಯಲ್ಲಿರುವ ಫ್ಲೋರೈಡ್ ನಿಧಾನಕ್ಕೆ ನೀರಿಗೆ ಬಿಡುತ್ತದೆ. ಕೆರೆ, ಬಾವಿ ಒಣಗಿ ಬೋರು ಆಳಕ್ಕೆ ಇಳಿದಂತೆ ತೊಂದರೆ ಜಾಸ್ತಿಯಾಯಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುವುದು ಮಿತಿ. ದಾಟಿದ ನೀರನ್ನೇ ಚಿಕ್ಕಂದಿನಲ್ಲಿ ಕುಡಿದವರಿಗೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ. ಮಿತಿಗಿಂತ ತುಂಬಾ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಹಿಡಿದುಕೊಳ್ಳುತ್ತವೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಫ್ಲೋರೈಡ್‌ನಿಂದ ಬರುವ ಈ ಕಾಯಿಲೆಯನ್ನು ಭಾರತದಲ್ಲಿ ಮೊದಲು ವರದಿ ಮಾಡಿದ್ದು 1937ರಲ್ಲಿ, ಆಂಧ್ರದ ನೆಲ್ಲೂರಿನಿಂದ. ಅಂದರೆ ಇದು ಹೊಸ ಸುದ್ದಿಯೇ ಅಲ್ಲ. ಹೊಸದಾಗಿ ಏನು ತೋರಿಸಬೇಕು ಅಂತ ಕ್ಯಾಮೆರಾ ಎತ್ತುವ ಮೊದಲು ನಾನು ಕೂತು ಯೋಚಿಸಬೇಕಿತ್ತು.

ಬಿಚ್ಚಿ ನೋಡಿದಾಗ

ಒಂದು ಉದ್ದ ನೋಟ್‌ಬುಕ್ ತೆಗೆದುಕೊಂಡು ಮೊದಲ ಕಟ್‌ನ ಪ್ರತಿ ಶಾಟ್ ಬರೆದೆ. ಯಾರು ಕಾಣುತ್ತಾರೆ, ಯಾರು ಮಾತಾಡುತ್ತಾರೆ, ಏನು ಹೇಳುತ್ತಾರೆ. ಬೆಳಗಿನ ಜಾವದ ಹೊತ್ತಿಗೆ ಪಟ್ಟಿ ಮುಗಿಯಿತು. ತಪ್ಪು ಅಲ್ಲೇ ಕಣ್ಣಿಗೆ ಹೊಡೆಯುತ್ತಿತ್ತು. ಊರಿನವರು ಹೇಳುವುದೆಲ್ಲ ನೋವು. ಕಾರಣ ಹೇಳುವವರು ಹಲ್ಲಿನ ಡಾಕ್ಟರು. ಪರಿಹಾರ ಹೇಳುವುದು ನನ್ನ ದನಿ. ಅತ್ತೆ ಮೂವತ್ತು ವರ್ಷದಿಂದ ಆ ನೀರಿನ ಜೊತೆ ಏಗುತ್ತಿದ್ದಾರೆ. ಅವರಿಗೆ ಗೊತ್ತಿರುವ ಒಂದೇ ಒಂದು ವಿಷಯವನ್ನೂ ನಾನು ಕೇಳಿರಲಿಲ್ಲ.

ಇದೇ ಜೋಡಣೆಯನ್ನು ಬೇರೆಲ್ಲೋ ನೋಡಿದ್ದೇನೆ ಅನ್ನಿಸಿತು. 1935ರಲ್ಲಿ ಬ್ರಿಟನ್ನಿನಲ್ಲಿ ಆರ್ಥರ್ ಎಲ್ಟನ್ ಮತ್ತು ಎಡ್ಗರ್ ಆನ್‌ಸ್ಟೇ ಮಾಡಿದ 'ಹೌಸಿಂಗ್ ಪ್ರಾಬ್ಲಮ್ಸ್' ಎಂಬ ಪುಟ್ಟ ಚಿತ್ರ. ಲಂಡನ್ನಿನ ಕೊಳೆಗೇರಿಯ ಜನ ತಮ್ಮ ಕೋಣೆಯಲ್ಲೇ ನಿಂತು ಕ್ಯಾಮೆರಾ ನೋಡಿಕೊಂಡು ಮಾತಾಡುತ್ತಾರೆ. ಒಬ್ಬ ಹೆಂಗಸು ಇಲಿ ಹೊಡೆದ ಕಥೆ ಹೇಳುತ್ತಾಳೆ. ಆ ಕಾಲಕ್ಕೆ ಅದು ದೊಡ್ಡ ವಿಷಯ, ಬಡವರ ಮಾತು ಬಡವರ ಬಾಯಿಂದಲೇ ಬಂದಿತ್ತು. ಆದರೆ ಗಮನವಿಟ್ಟು ನೋಡಿ. ಏನು ಮಾಡಬೇಕು ಅಂತ ವಿವರಿಸುವುದು ಕೌನ್ಸಿಲರ್. ದುಡ್ಡು ಹಾಕಿದ್ದು ಗ್ಯಾಸ್ ಉದ್ಯಮ. ಹೊಸ ಫ್ಲಾಟು ಅಂದರೆ ಅವರಿಗೆ ಹೊಸ ಗಿರಾಕಿ, ಹಾಗಾಗಿ ಹೊಸ ಫ್ಲಾಟುಗಳ ಗುಣಗಾನವೂ ಇದೆ. ಜನ ಕಷ್ಟ ಹೇಳಿದರು, ದೊಡ್ಡವರು ದಾರಿ ಹೇಳಿದರು. ಸುಮಾರು ತೊಂಬತ್ತು ವರ್ಷ ಆದಮೇಲೂ ನಾನು ಮಾಡಿದ್ದು ಅದನ್ನೇ.

ಇನ್ನೊಂದು ತಪ್ಪು ಇದಕ್ಕಿಂತ ಗಂಭೀರ. ಹಲ್ಲಿನ ಡಾಕ್ಟರ ಸಂದರ್ಶನವನ್ನು ಪೂರ್ತಿ ಮತ್ತೆ ಕೇಳಿದಾಗ ಸಿಕ್ಕಿತು. ಹಲ್ಲಿನ ಕಲೆ ಮೂಡುವುದು ಎಳೆ ವಯಸ್ಸಿನಲ್ಲಿ, ಹಲ್ಲಿನ ಮೇಲಿನ ಎನಾಮೆಲ್ ಕಟ್ಟುವಾಗ. ದೊಡ್ಡವರಾದ ಮೇಲೆ ಎಷ್ಟೇ ಒಳ್ಳೆಯ ನೀರು ಕುಡಿದರೂ ಆ ಕಲೆ ತಾನಾಗಿ ಹೋಗುವುದಿಲ್ಲ. ಅಂದರೆ ಅತ್ತೆಯ ಹಲ್ಲು ಹೇಳುವುದು ಅವರ ಬಾಲ್ಯದ ನೀರಿನ ಕಥೆ. ಅವರು ಹುಟ್ಟಿ ಬೆಳೆದದ್ದು ಗಡಿಯಾಚೆಯ ಇನ್ನೊಂದು ಹಳ್ಳಿಯಲ್ಲಿ! ನಾನಾದರೋ ಈ ಊರಿನ ಫಿಲ್ಟರ್ ಘಟಕದ ಶಾಟ್ ಆದಮೇಲೆ ನೇರ ಆ ಹಲ್ಲಿಗೆ ಕಟ್ ಮಾಡಿದ್ದೆ. ನೋಡಿದವರು ಘಟಕದ ನೀರಿನಿಂದಲೇ ಹೀಗಾಗಿದೆ ಅಂದುಕೊಳ್ಳುತ್ತಾರೆ, ಅಲ್ವಾ? ಒಂದು ಮಾತೂ ಸುಳ್ಳು ಹೇಳದೆ, ಎರಡು ಶಾಟ್ ಪಕ್ಕಪಕ್ಕ ಇಟ್ಟು ಸುಳ್ಳು ಹೇಳಿದ್ದೆ. ಎಡಿಟಿಂಗ್ ಮಾಡುವವರು ಇದನ್ನು ದಿನಾ ನೆನಪಿಟ್ಟುಕೊಳ್ಳಬೇಕು.

ಹಲ್ಲಿನ ಕ್ಲೋಸಪ್ ಒಟ್ಟು ಒಂಬತ್ತು ಇದ್ದವು. ಒಂಬತ್ತೂ ತೆಗೆದೆ. ಕೊಳಲು ತೆಗೆದೆ. ನನ್ನ ದನಿ ಪೂರ್ತಿ ತೆಗೆದೆ. ತಿರುಮಣಿ ಹತ್ತಿರದ ಸೋಲಾರ್ ಪಾರ್ಕಿನ ಒಂದು ಉದ್ದ ಶಾಟ್ ಇತ್ತು. 2,050 ಮೆಗಾವಾಟ್ ಸಾಮರ್ಥ್ಯದ್ದು, ಸಂಜೆ ಬಿಸಿಲಲ್ಲಿ ಸಮುದ್ರದಂತೆ ಕಾಣುತ್ತದೆ. ಚಂದ ಇದೆ ಅನ್ನುವುದು ಬಿಟ್ಟರೆ ಅದು ನನ್ನ ಕಥೆಯಲ್ಲಿರಲು ಬೇರೆ ಕಾರಣ ಇರಲಿಲ್ಲ. ಅದೂ ಹೋಯಿತು.

ಒಬ್ಬ ಹುಡುಗಿಯ ಭಾಗವನ್ನೂ ತೆಗೆದೆ. ಅವಳು ಒಪ್ಪಿಯೇ ಮಾತಾಡಿದ್ದಳು, ಚೆನ್ನಾಗಿಯೂ ಮಾತಾಡಿದ್ದಳು. ಅವಳ ತಾಯಿ ಬಂದು, "ಹೆಣ್ಣು ನೋಡೋಕೆ ಬರೋರು ಇದನ್ನ ನೋಡಿದ್ರೆ?" ಅಂದರು. ಅದರ ಮುಂದೆ ನಾನು ವಾದ ಮಾಡಲಿಲ್ಲ.

ಉಳಿದದ್ದು ಏಳು ನಿಮಿಷ.

ನಿಪ್ಪಾಣಿಯಲ್ಲಿ ನಾಲ್ಕು ತಿಂಗಳು

ಮತ್ತೆ ಶೂಟ್ ಮಾಡುವ ಮೊದಲು ಒಂದಷ್ಟು ಸಾಕ್ಷ್ಯಚಿತ್ರಗಳನ್ನು ನೋಡಿದೆ. ಕಥೆಗೋಸ್ಕರ ಅಲ್ಲ, ಅವುಗಳನ್ನು ಹೇಗೆ ಕಟ್ಟಿದ್ದಾರೆ ಅಂತ ತಿಳಿಯಲು. ಅಲ್ಲಲ್ಲಿ ನಿಲ್ಲಿಸಿ, ಹಿಂದಕ್ಕೆ ಹೋಗಿ, ಶಾಟ್ ಎಣಿಸಿ ನೋಡುವುದು. ಒಂದು ಸಿನಿಮಾಕ್ಕೆ ಒಂದು ಇಡೀ ದಿನ ಬೇಕು.

ತುಂಬಾ ಕಲಿಸಿದ್ದು ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ತೆಗೆದ ಚಿತ್ರ. 1980ರಲ್ಲಿ ದೀಪಾ ಧನರಾಜ್ ಮತ್ತು ಗೆಳೆಯರು 'ಯುಗಾಂತರ್' ಎಂಬ ಸ್ತ್ರೀವಾದಿ ಚಿತ್ರತಂಡ ಕಟ್ಟಿದರು. ಆ ತಂಡ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಹೆಂಗಸರ ಬಗ್ಗೆ 1982ರಲ್ಲಿ 'ತಂಬಾಕೂ ಚಾಕಿಲಾ ಊಬ್ ಆಲಿ' ಎಂಬ ಮರಾಠಿ ಚಿತ್ರ ಮಾಡಿತು. ಅದಕ್ಕೋಸ್ಕರ ಅವರು ಆ ಹೆಂಗಸರ ಜೊತೆ ನಾಲ್ಕು ತಿಂಗಳು ಕಳೆದರು. ಕೂತು ಕೇಳುವುದು, ಸಂಘ ಕಟ್ಟುವ ಬಗ್ಗೆ ಅವರ ಜೊತೆ ಚರ್ಚೆ ಮಾಡುವುದು. ಚಿತ್ರ ನೋಡಿದರೆ ಅದು ಗೊತ್ತಾಗುತ್ತದೆ. ಹೆಂಗಸರು ತಂಬಾಕಿನ ಧೂಳು, ಕೂಲಿ, ಮಾಲೀಕರ ದಬ್ಬಾಳಿಕೆ ಹೇಳಿ ಅಷ್ಟಕ್ಕೇ ಅಳುತ್ತಾ ಕೂರುವುದಿಲ್ಲ. ಒಟ್ಟಿಗೆ ಸೇರುತ್ತಾರೆ, ಲೆಕ್ಕ ಹಾಕುತ್ತಾರೆ, ಜಗಳಕ್ಕೆ ನಿಲ್ಲುತ್ತಾರೆ. ಏನು ಮಾಡಬೇಕು ಅನ್ನುವುದೂ ಅವರ ಬಾಯಿಂದಲೇ ಬರುತ್ತದೆ.

ನನಗೆ ನಾಲ್ಕು ತಿಂಗಳು ರಜೆ ಸಿಗುವುದಿಲ್ಲ. ಹನ್ನೆರಡು ದಿನ ಸಿಕ್ಕಿತು. ಮೊದಲ ಐದು ದಿನ ಫೋನನ್ನು ಚೀಲದಿಂದ ತೆಗೆಯಲೇ ಇಲ್ಲ. ಅತ್ತೆಯ ಜೊತೆ ನೀರಿಗೆ ಹೋದೆ, ಕಳೆ ತೆಗೆಯಲು ಹೋದೆ, ಸಂಜೆ ಜಗಲಿ ಮೇಲೆ ಕೂತೆ.

ಕೇಳುವ ಪ್ರಶ್ನೆಯನ್ನೂ ಬದಲಾಯಿಸಿದೆ. ಮೊದಲ ಸಲ ಕೇಳಿದ್ದು, "ಈ ಹಲ್ಲಿನಿಂದ ನಿಮಗೆ ಎಷ್ಟು ಬೇಜಾರಾಗಿದೆ ಅತ್ತೆ?" ಅದಕ್ಕೆ ಕಣ್ಣೀರಲ್ಲದೆ ಬೇರೆ ಉತ್ತರ ಎಲ್ಲಿ ಬರುತ್ತದೆ? ಈ ಸಲ, "ಬೆಳಿಗ್ಗೆ ಎದ್ದ ತಕ್ಷಣ ಯಾವ ನೀರು ಮುಟ್ತೀರಿ?" ಅಂತ ಕೇಳಿದೆ. ಅತ್ತೆ ಇಪ್ಪತ್ತು ನಿಮಿಷ ಮಾತಾಡಿದರು. ನನ್ನ ಸಿನಿಮಾ ಆ ಇಪ್ಪತ್ತು ನಿಮಿಷದಲ್ಲಿತ್ತು.

ಎರಡು ಕೊಡ

ಅತ್ತೆಯ ಅಡುಗೆಮನೆಯಲ್ಲಿ ಎರಡು ಕೊಡ ಇವೆ. ಒಂದು ಸ್ಟೀಲ್ ಬಿಂದಿಗೆ. ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮೇಲೆ ಲೋಟ ಬೋರಲು ಹಾಕಿ, ಒಲೆಯಿಂದ ದೂರ ಇಟ್ಟಿರುತ್ತಾರೆ. ಅದು ಫಿಲ್ಟರ್ ನೀರು. ಊರ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಬರುತ್ತದೆ. ಇನ್ನೊಂದು ಹಸಿರು ಪ್ಲಾಸ್ಟಿಕ್ ಕೊಡ, ಒಂದು ಕಡೆ ತೇಪೆ ಹಾಕಿದ್ದು. ಅದು ನಲ್ಲಿಯಲ್ಲಿ ಬರುವ ಬೋರು ನೀರು. ಕುಡಿಯುವುದಕ್ಕೆ ಬಿಂದಿಗೆ, ಅಡುಗೆಗೆ ಹಸಿರು ಕೊಡ.

ಮುದ್ದೆಗೆ ಎಸರಿಡುವಾಗ ಅತ್ತೆಯ ಕೈ ತಾನಾಗಿ ಹಸಿರು ಕೊಡದ ಕಡೆ ಹೋಗುತ್ತದೆ. ಸಾರಿಗೂ ಅದೇ, ಬೇಳೆ ಬೇಯಿಸಲೂ ಅದೇ. ಯಾಕೆ ಅಂತ ಕೇಳಿದರೆ ಲೆಕ್ಕ ಹೇಳಿದರು. ಆರು ಜನರ ಮನೆ. ಅಡುಗೆಗೂ ಫಿಲ್ಟರ್ ನೀರೇ ಬಳಸಿದರೆ ದಿನಕ್ಕೆ ಎರಡು ಕ್ಯಾನ್ ಬೇಕು. ದುಡ್ಡಿನ ಮಾತು ಆಮೇಲೆ, ಹೊತ್ತು ತರುವವರು ಯಾರು? ಮಾವನಿಗೆ ಮಂಡಿ ಬಗ್ಗುವುದಿಲ್ಲ. ಘಟಕ ಕೆಟ್ಟು ನಿಂತ ದಿನ ಮುಂದಿನ ಊರಿಗೆ ಹೋಗಬೇಕು.

ಕುಡಿಯುವ ನೀರು ಒಳ್ಳೆಯದಾದರೂ ಅಡುಗೆಯ ನೀರಿನಲ್ಲಿ ಫ್ಲೋರೈಡ್ ಹೊಟ್ಟೆಗೆ ಹೋಗುತ್ತಲೇ ಇರುತ್ತದೆ. ಮೊದಲ ಕಟ್‌ನಲ್ಲಿ ಇದರ ಸುಳಿವೇ ಇರಲಿಲ್ಲ. ಅಡುಗೆಮನೆಗೆ ನಾನು ಹೋಗಿಯೇ ಇರಲಿಲ್ಲವಲ್ಲ. ಈಗ ಚಿತ್ರದ ಬೆನ್ನೆಲುಬು ಆ ಎರಡು ಕೊಡ. ಯಾವ ಕೊಡಕ್ಕೆ ಯಾವ ನೀರು, ಅದು ಎಲ್ಲಿಂದ ಬಂತು, ಯಾರು ಬಿಟ್ಟರು, ಎಲ್ಲಿಗೆ ಹೋಯಿತು. ಅಷ್ಟೇ.

ಯಾರು ಬಿಟ್ಟರು ಅನ್ನುವುದು ನನ್ನನ್ನು ನೀರುಗಂಟಿಯ ಹತ್ತಿರ ಕರೆದೊಯ್ದಿತು. ಮೊದಲ ಕಟ್‌ನಲ್ಲಿ ಅವರದ್ದು ಒಂದೇ ಶಾಟ್, ಅದೂ ಬೆನ್ನು ಹಾಕಿ ನಿಂತದ್ದು. ಅದರ ಮೇಲೆ ನನ್ನ ದನಿ: "ನೀರು ಬಿಡುವವರಿಗೆ ಇದರ ಚಿಂತೆಯಿಲ್ಲ." ಎಷ್ಟು ಸುಲಭವಾಗಿ ಬರೆದುಬಿಟ್ಟಿದ್ದೆ! ಈ ಮಧ್ಯೆ 2013ರ 'ಕಟಿಯಾಬಾಜ್' ನೋಡಿದ್ದೆ. ದೀಪ್ತಿ ಕಕ್ಕರ್ ಮತ್ತು ಫಹಾದ್ ಮುಸ್ತಫಾ ಕಾನ್ಪುರದ ಕರೆಂಟ್ ಸಮಸ್ಯೆ ಬಗ್ಗೆ ಮಾಡಿದ ಚಿತ್ರ. ಕಂಬಕ್ಕೆ ತಂತಿ ಸಿಕ್ಕಿಸಿ ಕಳ್ಳ ಕರೆಂಟ್ ಕೊಡುವ ಲೋಹಾ ಸಿಂಗ್ ಒಂದು ಕಡೆ, ಅದನ್ನು ತಡೆಯಲು ಓಡಾಡುವ ವಿದ್ಯುತ್ ಕಂಪನಿಯ ಮುಖ್ಯಸ್ಥೆ ಇನ್ನೊಂದು ಕಡೆ. ಇಬ್ಬರ ಬೆನ್ನಿಗೂ ಕ್ಯಾಮೆರಾ ಹೋಗುತ್ತದೆ. ನೋಡುತ್ತಾ ನೋಡುತ್ತಾ ಇಬ್ಬರದೂ ಸರಿ ಅನ್ನಿಸುತ್ತದೆ, ಆಗ ಸಮಸ್ಯೆಯ ನಿಜವಾದ ಗಾತ್ರ ಗೊತ್ತಾಗುತ್ತದೆ.

ಹಾಗಾಗಿ ನೀರುಗಂಟಿಯ ಜೊತೆ ಮೂರು ದಿನ ಸುತ್ತಿದೆ. ಬೋರಿನ ಮೋಟರ್ ಓಡಲು ತ್ರೀ ಫೇಸ್ ಕರೆಂಟ್ ಬೇಕು. ಅದು ರಾತ್ರಿ ಎರಡಕ್ಕೆ ಬಂದರೆ ಅವರು ಎರಡಕ್ಕೇ ಏಳುತ್ತಾರೆ. ಟ್ಯಾಂಕ್ ತುಂಬಿದ ಮೇಲೆ ಟಾರ್ಚ್ ಹಿಡಿದು ವಾಲ್ವ್ ತಿರುಗಿಸಲು ಹೊರಡುತ್ತಾರೆ. ಮೂರು ಕೇರಿ, ಮೂರು ವಾಲ್ವ್. ಒಂದು ವಾಲ್ವ್‌ನ ಹಿಡಿ ಮುರಿದು ಕಬ್ಬಿಣದ ಸರಳಿನಲ್ಲೇ ತಿರುಗಿಸಬೇಕು. ಅವರ ಮಗನ ಹಲ್ಲಿನ ಮೇಲೂ ಅದೇ ಪಟ್ಟೆ. "ನಾನು ಬಿಡೋ ನೀರೇ ತಾಯಿ ನನ್ನ ಮಗ ಕುಡಿದದ್ದು," ಅಂದರು. ಆ ಮಾತು ಚಿತ್ರದಲ್ಲಿದೆ. ಹೇಳುವಾಗ ಅವರು ವಾಲ್ವ್ ಗುಂಡಿಯೊಳಗೆ ಬಗ್ಗಿದ್ದಾರೆ, ಮುಖ ಕಾಣುವುದಿಲ್ಲ. ಮತ್ತೊಮ್ಮೆ ಹೇಳಿಸಿ ಮುಖದ ಮೇಲೆ ಶೂಟ್ ಮಾಡಬಹುದಿತ್ತು. ಮಾಡಲಿಲ್ಲ.

ಮೂರು ಗಾಜಿನ ನಳಿಕೆ

ಡಾಕ್ಟರ ವಿವರಣೆಯ ಜಾಗಕ್ಕೆ ಏನು ಹಾಕುವುದು? ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು ಅಂತ ಇದೆ. ನಮ್ಮ ಊರಿನಲ್ಲಿ ಕಲಿತವರಲ್ಲಿ ಸ್ತ್ರೀಶಕ್ತಿ ಸಂಘದ ಒಬ್ಬ ಅಕ್ಕ ಇದ್ದಾರೆ, ಕಿಟ್ ಅವರ ಮನೆಯಲ್ಲೇ ಇದೆ. ಅವರನ್ನು ಕೇಳಿದೆ. ಜಗಲಿ ಮೇಲೆ ಕೂತು ಪರೀಕ್ಷೆ ಮಾಡಿ ತೋರಿಸಿದರು. ಕಿಟ್‌ನ ದ್ರಾವಣ ಗುಲಾಬಿ ಬಣ್ಣದ್ದು. ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಬಣ್ಣ ಹಳದಿಗೆ ತಿರುಗುತ್ತದೆ.

ಮೂರು ನಳಿಕೆ ಇಟ್ಟೆವು. ಬಿಂದಿಗೆಯ ನೀರು, ಹಸಿರು ಕೊಡದ ನೀರು, ಮೂರನೆಯದು ಘಟಕದ ಹಿಂದಿನ ಪೈಪಿನಿಂದ ಚರಂಡಿಗೆ ಹರಿಯುವ ನೀರು. ಫಿಲ್ಟರ್‌ನಲ್ಲಿ ಬೇರೆಯಾದ ಫ್ಲೋರೈಡ್ ಎಲ್ಲಾ ಸೇರುವುದು ಆ ಮೂರನೆಯದರಲ್ಲಿ. ಬಿಂದಿಗೆಯದು ಗುಲಾಬಿಯಾಗೇ ಉಳಿಯಿತು. ಹಸಿರು ಕೊಡದ್ದು ನಿಧಾನಕ್ಕೆ ಹಳದಿಗೆ ತಿರುಗಿತು. ಪೈಪಿನದ್ದು ಪೂರ್ತಿ ಹಳದಿ. ಅಕ್ಕ ಅದನ್ನು ಎತ್ತಿ ಬೆಳಕಿಗೆ ಹಿಡಿದು, "ಇದು ಮತ್ತೆ ನೆಲಕ್ಕೇ ಹೋಗ್ತದೆ ನೋಡು," ಅಂದರು.

ಈ ದೃಶ್ಯವನ್ನು ಮೂರು ಸಲ ತೆಗೆಯಬೇಕಾಯಿತು. ಮೊದಲ ಸಲ ಫೋನು ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿತ್ತು, ಅಂದರೆ ಬೆಳಕು ನೋಡಿ ಬಣ್ಣವನ್ನು ಅದೇ ಹೊಂದಿಸುತ್ತಿತ್ತು. ಅಕ್ಕನ ಕೈ ಫ್ರೇಮಿನೊಳಗೆ ಬಂದಾಗಲೆಲ್ಲ ಫೋನು ತಾನೇ ಬಣ್ಣ ಬದಲಾಯಿಸುತ್ತಿತ್ತು. ಬಣ್ಣವೇ ಸಾಕ್ಷಿಯಾಗಿರುವಾಗ ಅದು ಬದಲಾದರೆ ಇಡೀ ದೃಶ್ಯ ನೀರುಪಾಲು. ಎರಡನೇ ಸಲ ವೈಟ್ ಬ್ಯಾಲೆನ್ಸ್ ಮತ್ತು ಎಕ್ಸ್‌ಪೋಶರ್ (ಒಳಗೆ ಬಿಡುವ ಬೆಳಕಿನ ಪ್ರಮಾಣ) ಲಾಕ್ ಮಾಡಿದೆ, ಆದರೆ ಹಿಂದೆ ಇದ್ದದ್ದು ಹಸಿರು ಬಣ್ಣದ ಗೋಡೆ. ಮೂರನೇ ಸಲ ನೆರಳಿನಲ್ಲಿ, ನಳಿಕೆಗಳ ಹಿಂದೆ ಬಿಳಿ ಕಾಗದ ಇಟ್ಟು, ಕಟ್ ಮಾಡದೆ ಒಂದೇ ಶಾಟ್‌ನಲ್ಲಿ ತೆಗೆದೆ. ನೀರು ಹಾಕುವುದರಿಂದ ಬಣ್ಣ ತಿರುಗುವವರೆಗೆ. ಮಧ್ಯೆ ಕಟ್ ಮಾಡಿದರೆ ನಳಿಕೆ ಬದಲಾಯಿಸಿದ್ದೀರಾ ಅಂತ ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ.

ಸೌಂಡು, ಟ್ಯೂಬ್‌ಲೈಟು, ಒತ್ತಕ್ಷರ

ಕಾಲರ್ ಮೈಕನ್ನು ಸೀರೆಗೆ ಸಿಕ್ಕಿಸಿದರೆ ಸೆರಗು ಉಜ್ಜುವ ಸದ್ದು, ಬಳೆ ಸದ್ದು. ಅತ್ತೆ ಕೆಲಸ ಮಾಡುತ್ತಲೇ ಮಾತಾಡುವವರು, ಸುಮ್ನೆ ಕೂರುವವರಲ್ಲ. ಕೊನೆಗೆ ಇನ್ನೊಂದು ಹಳೇ ಫೋನನ್ನು ರೆಕಾರ್ಡರ್ ಮಾಡಿ, ಒಲೆಯ ಮೇಲಿನ ಗೂಡಿನಲ್ಲಿ, ಅವರ ಬಾಯಿಂದ ಒಂದು ಮೊಳ ದೂರದಲ್ಲಿ ಇಟ್ಟೆ. ಗಾಳಿ ಬಡಿಯದಂತೆ ಕಾಲುಚೀಲದ ತುಂಡು ಸುತ್ತಿದೆ. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಮೂವತ್ತು ಸೆಕೆಂಡ್ ಖಾಲಿ ಸದ್ದು ತೆಗೆದುಕೊಂಡೆ. ಮಾತು ಕತ್ತರಿಸಿದ ಕಡೆ ಅದನ್ನು ತುಂಬದಿದ್ದರೆ ಕಿವಿಗೆ ಹಳ್ಳ ಬಿದ್ದಂತೆ ಕೇಳಿಸುತ್ತದೆ.

ಆಮೇಲೆ ಇನ್ನೊಂದು ಕಾಟ. ಶುರುವಿನಲ್ಲಿ ಚಪ್ಪಾಳೆ ಹೊಡೆದು ಸದ್ದು, ಚಿತ್ರ ಜೋಡಿಸಿದರೂ ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ತುಟಿ ಬೇರೆ, ಮಾತು ಬೇರೆ. ಕಾರಣ ಫೋನ್ ವಿಡಿಯೋದ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆ, ಒಂದೇ ಸಮ ಇರುವುದಿಲ್ಲ, ಬೆಳಕು ನೋಡಿಕೊಂಡು ಏರಿಳಿಯುತ್ತದೆ. ಎಡಿಟಿಂಗ್‌ಗೆ ಹಾಕುವ ಮೊದಲೇ ಎಲ್ಲ ಕ್ಲಿಪ್‌ಗಳನ್ನು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ 25ರ ಸ್ಥಿರ ಫ್ರೇಮ್ ರೇಟಿಗೆ ಬದಲಾಯಿಸಿದೆ. ಒಂದು ರಾತ್ರಿ ಪೂರ್ತಿ ಹಿಡಿಯಿತು, ಸರಿಹೋಯಿತು.

ಈ ಸಲ ಅಡುಗೆಮನೆಯಲ್ಲಿ ಮೊದಮೊದಲು ತೆಗೆದ ಶಾಟ್‌ಗಳಲ್ಲಿ ಮೇಲಿಂದ ಕೆಳಕ್ಕೆ ಕಪ್ಪು ಪಟ್ಟಿ ಓಡುತ್ತಿದ್ದವು. ನಮ್ಮ ಕರೆಂಟು 50 ಹರ್ಟ್ಸ್, ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ವೇಗ 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟಿ ಬರುವುದಿಲ್ಲ. ಒಮ್ಮೆ ಬಂದ ಪಟ್ಟಿಯನ್ನು ತೆಗೆಯಲು ಮಾತ್ರ ನನ್ನಿಂದ ಆಗಲಿಲ್ಲ, ಕಿಟಕಿ ಬೆಳಕಿನಲ್ಲಿ ಮತ್ತೆ ತೆಗೆದೆ.

ಸಬ್‌ಟೈಟಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಡೆ ಮನೆಮಾತು ಬಹಳಷ್ಟು ತೆಲುಗು. ನೀರುಗಂಟಿ ಪೂರ್ತಿ ತೆಲುಗು, ಅತ್ತೆ ಒಂದು ವಾಕ್ಯದಲ್ಲೇ ಎರಡೂ. ಮೊದಲ ಸಲ ಅವರ ಮಾತನ್ನೆಲ್ಲ ಪುಸ್ತಕದ ಕನ್ನಡಕ್ಕೆ ಇಳಿಸಿದ್ದೆ. "ನೀಳ್ಳು ವಚ್ಚಿನಾಯಾ?" ಅನ್ನುವುದಕ್ಕೆ "ನೀರಿನ ಸರಬರಾಜು ಆಗಿದೆಯೇ?" ಅಂತ ಬರೆದಿದ್ದೆ! ಈಗ ಅದು "ನೀರು ಬಂತಾ?" ಅಷ್ಟೇ. ಮಾತಾಡುವವರ ಕನ್ನಡ ಹೇಗಿರುತ್ತಿತ್ತೋ ಹಾಗೆ.

ಎಡಿಟಿಂಗ್ ತಂತ್ರಾಂಶದಲ್ಲಿ ಕನ್ನಡ ಹಾಕಿದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತಿತ್ತು. 'ಅಮ್ಮ' ಅನ್ನುವುದು ಅರ್ಥವೇ ಇಲ್ಲದಂತೆ ಕಾಣುತ್ತಿತ್ತು. ನಾಲ್ಕು ಫಾಂಟ್ ಬದಲಾಯಿಸಿದರೂ ಅದೇ ಕಥೆ. ಕೊನೆಗೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಬಳಸಿ, ಒಂದೊಂದು ಸಾಲನ್ನೂ ಹಿನ್ನೆಲೆ ಇಲ್ಲದ ಚಿತ್ರವಾಗಿ ಉಳಿಸಿ, ಟೈಮ್‌ಲೈನ್ ಮೇಲೆ ಒಂದೊಂದಾಗಿ ಕೂರಿಸಿದೆ. 212 ಸಾಲು. ಬೇಜಾರಿನ ಕೆಲಸ, ಆದರೆ ಅತ್ತೆಯ ಮಾತು ಒಡೆದ ಅಕ್ಷರದಲ್ಲಿ ಹೋಗಬಾರದು.

ಭಜನೆ ಮನೆ ಗೋಡೆ

'ರೈಟಿಂಗ್ ವಿತ್ ಫೈರ್' ಎಂಬ ಸಾಕ್ಷ್ಯಚಿತ್ರ ಕೇಳಿರುತ್ತೀರಿ. ಉತ್ತರ ಪ್ರದೇಶದ 'ಖಬರ್ ಲಹರಿಯಾ' ಎಂಬ ಸುದ್ದಿಸಂಸ್ಥೆಯ ಪತ್ರಕರ್ತೆಯರ ಬಗ್ಗೆ ರಿಂತು ಥಾಮಸ್ ಮತ್ತು ಸುಷ್ಮಿತ್ ಘೋಷ್ ಮಾಡಿದ್ದು, ಆಸ್ಕರ್‌ಗೂ ನಾಮನಿರ್ದೇಶನವಾಗಿತ್ತು. 2022ರ ಮಾರ್ಚ್‌ನಲ್ಲಿ, ಆಸ್ಕರ್ ಸಮಾರಂಭಕ್ಕೆ ಸ್ವಲ್ಪ ಮುಂಚೆ, ಖಬರ್ ಲಹರಿಯಾದವರೇ ಒಂದು ಹೇಳಿಕೆ ಕೊಟ್ಟರು. ಚಿತ್ರ ಮನಸ್ಸಿಗೆ ತಟ್ಟುತ್ತದೆ, ಆದರೆ ನಮ್ಮ ಕೆಲಸದ ಒಂದು ಭಾಗವನ್ನಷ್ಟೇ ತೋರಿಸಿದೆ ಅನ್ನುವುದು ಅದರ ಸಾರ. ಯಾರದ್ದು ಸರಿ ಅಂತ ತೀರ್ಪು ಕೊಡಲು ನಾನು ಯಾರೂ ಅಲ್ಲ. ಓದಿದ ಮೇಲೆ ಒಂದು ತೀರ್ಮಾನ ಮಾತ್ರ ಮಾಡಿದೆ: ಚಿತ್ರವನ್ನು ಅಂತಿಮ ಮಾಡುವ ಎಕ್ಸ್‌ಪೋರ್ಟ್ ಗುಂಡಿ ಒತ್ತುವ ಮೊದಲು ಚಿತ್ರದಲ್ಲಿರುವ ಪ್ರತಿಯೊಬ್ಬರೂ ಅದನ್ನು ಪೂರ್ತಿ ನೋಡಬೇಕು.

ಭಜನೆ ಮನೆ ಗೋಡೆಗೆ ಬಿಳಿ ಪಂಚೆ ಕಟ್ಟಿ, ಎರವಲು ಪ್ರೊಜೆಕ್ಟರ್ ತಂದು ತೋರಿಸಿದೆ. 19 ನಿಮಿಷ 40 ಸೆಕೆಂಡ್. ಕರೆಂಟು ಒಂದು ಸಲ ಹೋಗಿ ಬಂತು. ಹಸಿರು ಕೊಡ ಪರದೆ ತುಂಬ ಬಂದಾಗ ಅತ್ತೆ ಪಕ್ಕದಲ್ಲಿದ್ದವರಿಗೆ ಜೋರಾಗಿಯೇ ಹೇಳಿದರು, "ಅವತ್ತು ಕೊಡ ಉಜ್ಜಿರಲಿಲ್ಲ ಕಣೇ, ಮೊದಲೇ ಹೇಳಬಾರದಿತ್ತಾ ಇವಳು." ನಳಿಕೆಯ ದೃಶ್ಯಕ್ಕೆ ಮಕ್ಕಳು ಮುಂದೆ ಸರಿದು ಕೂತರು. ಮುಗಿದ ಮೇಲೆ ಇಬ್ಬರು ಹೆಂಗಸರು ಅಕ್ಕನ ಹತ್ತಿರ ಹೋಗಿ, ನಮ್ಮ ಮನೆ ನೀರೂ ನೋಡಿಕೊಡು ಅಂದರು.

ಎಲ್ಲರೂ ಹೊರಟ ಮೇಲೆ ನೀರುಗಂಟಿ ಬಂದರು. ಟವೆಲ್ ಹೆಗಲ ಮೇಲೆ ಹಾಕಿಕೊಂಡು ಸ್ವಲ್ಪ ಹೊತ್ತು ನಿಂತರು. "ತಾಯಿ, ಒಂದು ತಪ್ಪಿದೆ. ನಾನು ಮೇಲಿನ ಕೇರಿ ವಾಲ್ವ್ ಬಿಡೋದು ಐದಕ್ಕೆ. ನೀವು ಆರು ಅಂತ ಹಾಕಿದೀರಿ. ಆರಕ್ಕೆ ಬಿಟ್ರೆ ಕೂಲಿಗೆ ಹೋಗೋರಿಗೆ ನೀರು ಸಿಗಲ್ಲ."

ಬೇರೆ ಏನಾದರೂ ಇದೆಯಾ ಅಣ್ಣ ಅಂತ ಕೇಳಿದೆ. ಇಲ್ಲ ಅಂದರು. ಅಲ್ಲೇ ಜಗಲಿ ಮೇಲೆ ಲ್ಯಾಪ್‌ಟಾಪ್ ತೆಗೆದು ಸಬ್‌ಟೈಟಲ್‌ನ 147ನೇ ಸಾಲು ತಿದ್ದಿದೆ. ಅವರು ಪಕ್ಕದಲ್ಲಿ ಕೂತು, ಆರು ಹೋಗಿ ಐದು ಬರುವವರೆಗೂ ನೋಡಿದರು. ಆಮೇಲೆ ಮೋಟರ್ ಹಾಕಲು ಎದ್ದು ಹೋದರು.